ಸೋಮವಾರ ಹೂಡಿದ ಎತ್ತುಗಳು

ವಿಭೂತಿಯ ಒಣ ವಾಸನೆ ಬಂದರೆ ಈಗಲೂ ನನಗೆ ಕಕ್ಕೇರಾದ ನಮ್ಮ ಪಡಸಾಲೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಹೊಲದಲ್ಲಿ ಸಿಡಿಲು ಬಡಿದು ಕಾಕಾ ತೀರಿಕೊಂಡು ಐದು ದಿನವಾಗಿತ್ತು. ಗಳೆ ಹೊಡೆದು ಹೊಲ ಉಳುತ್ತಿದ್ದ ಅವನ ಜೊತೆ ಎರಡೂ ಎತ್ತುಗಳು ಸತ್ತಿದ್ದವು. ಅಜ್ಜಿಗೆ ಸಮಾಧಾನ ಹೇಳಲೆಂದು ಮಠದ ಸ್ವಾಮಿಗಳು ಬಂದರು. ಕಂಬಳಿಯ ಮೇಲೆ ಕೂತು, ಕೊಟ್ಟ ಹಾಲು ಕುಡಿದು, ಮೆಲ್ಲಗೆ ಹೇಳಿದರು: “ಸೋಮವಾರ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡಬಾರ್ದು. ನಿನ್ನ ಮಗ ಇಟ್ಟಾನ. ಶಿವ ಸುಮ್ನಿರ್ತಾನೇನವ್ವ?”

ಬಾಗಿಲಲ್ಲಿ ನಿಂತಿದ್ದ ಅಪ್ಪ, “ಬಯಲಾಗ ಯಾರು ನಿಂತಿದ್ರೂ ಬಡೀತಿತ್ತರಿ. ಸಿಡಿಲಿಗೆ ವಾರ ಗೊತ್ತಾಗ್ತದೇನ್ರಿ?” ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಕೂತಿದ್ದ ನೆರೆಯವರು ತಲೆ ತಗ್ಗಿಸಿದರು. ಯಾರೂ ಅವನನ್ನು ಕರೆಯಲಿಲ್ಲ.

ಅಜ್ಜಿಯ ದನಿ ಅತ್ತು ಅತ್ತು ಬತ್ತಿಹೋಗಿತ್ತು. ಅವಳು ವಾದಕ್ಕಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು: “ಯಪ್ಪಾ, ನನ್ನ ಮಗ ತಪ್ಪು ಮಾಡ್ಯಾನ, ಖರೆ. ಎತ್ತು ಏನು ಮಾಡಿದ್ವು?”

ಸ್ವಾಮಿಗಳು ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವಳ ಅಂಗೈಗೆ ವಿಭೂತಿ ಹಾಕಿ ಎದ್ದರು. ಅಜ್ಜಿ ಎಂದಿನಂತೆ ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ವಿಭೂತಿಯನ್ನು ಮಾತ್ರ ಹಣೆಗೆ ಹಚ್ಚಿಕೊಳ್ಳಲಿಲ್ಲ. ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು, ದನದ ಕೊಟ್ಟಿಗೆಗೆ ನಡೆದಳು. ಎತ್ತುಗಳಿಗೆ ಮೇವು ಹಾಕುತ್ತಿದ್ದ ಗೋದಲಿ ಖಾಲಿಯಿತ್ತು. ಅವು ಮೂತಿ ಇಡುತ್ತಿದ್ದ ಕಡೆ ಕಲ್ಲು ನುಣುಪಾಗಿ ಸವೆದಿತ್ತು. ಅಲ್ಲಿ ಅವಳು ಮೂರು ಬೆರಳಿನಿಂದ ವಿಭೂತಿ ಎಳೆದಳು, ಎರಡು ಸಲ.