ಗಟ್ಟಿ ಕಾಲು

ಎಡ ಮೊಣಕಾಲಿಗೆ ಇನ್ನೊಂದು ಒದೆ ಬಿದ್ದರೆ ಆಟ ಮುಗಿದ ಹಾಗೆಯೇ ಎಂದಿದ್ದರು ಡಾಕ್ಟರು. ಆದರೂ ಹುಡುಗಿ ಫುಟ್‌ಬಾಲ್ ಫೈನಲ್‌ಗೆ ಇಳಿದಳು, ಪೆಟ್ಟಾದ ಮೊಣಕಾಲಿಗೆ ಆಸರೆಯಾಗಿ ಹಾಕುವ ಬ್ರೇಸನ್ನು ಬಲಗಾಲಿಗೆ ಕಟ್ಟಿಕೊಂಡು.

"ಪೆಟ್ಟಾಗಿರೋದು ಎಡಗಾಲಿಗಲ್ವೇನೇ?" ಎಂದಳು ಗೆಳತಿ.

"ಬ್ರೇಸ್ ಕಂಡ ಕಾಲಿಗೇ ತಾನೇ ಎಲ್ಲರೂ ಒದೆಯೋದು? ಒದೀಲಿ ಬಿಡು, ಆ ಕಾಲು ಗಟ್ಟಿಯಾಗಿದೆ."

ರೆಫರಿ ಬ್ರೇಸಿನ ಕಬ್ಬಿಣಕ್ಕೆ ಸುತ್ತಿದ್ದ ಬಟ್ಟೆಯನ್ನು ಒತ್ತಿ ನೋಡಿ, "ಇದರಿಂದ ಯಾರಿಗೂ ಅಪಾಯ ಇಲ್ಲ, ಹೋಗಮ್ಮ" ಎಂದರು.

ಎದುರು ತಂಡದ ಡಿಫೆಂಡರ್ ಕೈಕುಲುಕಲು ಬಂದಳು. ಅವಳ ಬಲ ಮೊಣಕಾಲಿನಲ್ಲೂ ಅಂಥದೇ ಬ್ರೇಸ್ ಇತ್ತು.

"ತುಂಬಾ ನೋವಾ?" ಎಂದು ಹುಡುಗಿ ಅದನ್ನೇ ನೋಡುತ್ತ ಕೇಳಿದಳು.

"ಇಲ್ಲ ಕಣೇ," ಎಂದು ಅವಳು ಹುಡುಗಿಯ ಎಡಗಾಲಿನ ಮೇಲೆ ಕಣ್ಣಿಟ್ಟು ನಕ್ಕಳು. "ನಂಗೂ ಪೆಟ್ಟಾಗಿರೋದು ಎಡಗಾಲಿಗೇ."