ಪಕ್ಕದ ಕೋಣೆಯ ಸರ್ವರ್

"ನಮ್ಮವ್ವನಾಣಿ ಮೇಡಂ, ಒಂದಕ್ಷರ ಸುಳ್ಳಲ್ಲ. ದಾಂಡೇಲಿ ಸ್ಟಾಪಿನಾಗ ಮೊಸಳಿ ಬಸ್ ಹತ್ತಿತು. ಕಂಡಕ್ಟರ್ ಟಿಕೆಟ್ ಅಂದ. ಅದು ಬಾಯಿ ತೆಗೆದು..."

"ನನಗ ಕೆಲಸ ಐತ್ರಿ ಸರ," ಎಂದು ಕಸ್ತೂರಿ ಮೇಡಂ ಎದ್ದು ಪಕ್ಕದ ಕೋಣೆಗೆ ನಡೆದೇಬಿಟ್ಟರು.

ಪಾಲಿಟೆಕ್ನಿಕ್ಕಿಗೆ ರಜೆ. ಲ್ಯಾಬಿನಲ್ಲಿ ಫಕೀರಪ್ಪ ಸರ್ ಒಬ್ಬರೇ ಉಳಿದರು. ಅವರ ಕತೆಯನ್ನು ಕೊನೆತನಕ ಕೇಳಿದವರು ಆ ಕಾಲೇಜಿನಲ್ಲಿ ಒಬ್ಬರೂ ಇರಲಿಲ್ಲ. ಜನ ಎದ್ದುಹೋಗುವುದು ಅವರಿಗೆ ರೂಢಿಯಾಗಿತ್ತು, ಬೇಜಾರು ಮಾತ್ರ ರೂಢಿಯಾಗಿರಲಿಲ್ಲ.

ಎದುರಿಗೆ, ಮಕ್ಕಳಿಗೆ ತೋರಿಸಲೆಂದು ಅವರೂ ಕಸ್ತೂರಿ ಮೇಡಮ್ಮೂ ಸೇರಿ ಬರೆದ ಮಾದರಿ ಪ್ರೋಗ್ರಾಮು ಇತ್ತು. ಈ ಕಂಪ್ಯೂಟರು 'ಯಾರರ ಅದೀರೇನು?' ಎಂದು ಕೇಳಿದರೆ ಪಕ್ಕದ ಕೋಣೆಯ ಸರ್ವರು 'ಅದೀನ್ರಿ' ಎನ್ನಬೇಕು. ಆ ಉತ್ತರವನ್ನೂ ಫಕೀರಪ್ಪ ಸರ್ ತಾವೇ ಬರೆದುಕೊಟ್ಟಿದ್ದರು. ಆದರೂ ಬೆಳಗಿನಿಂದ ಕೇಳುತ್ತಲೇ ಇದ್ದರು. ಅದು ಬೇಸರವಿಲ್ಲದೆ ಅದನ್ನೇ ಹೇಳುತ್ತಿತ್ತು.

ಮತ್ತೊಮ್ಮೆ ಎಂಟರ್ ಒತ್ತಿದರು. ಸರ್ವರ್ ಸಿಗುತ್ತಿಲ್ಲ ಎಂದು ಬಂತು.

"ನೀನೂ ಎದ್ದು ಹೋದೇನು?" ಎಂದರು.

ಪಕ್ಕದ ಕೋಣೆಯಲ್ಲಿ ಕೀಬೋರ್ಡು ಟಕಟಕ ಎನ್ನುತ್ತಿತ್ತು. ಕೇಬಲ್ಲು ಜಗ್ಗಿ ನೋಡಿ, ಮತ್ತೆ ಒತ್ತಿದರು. ಪರದೆಯ ಮೇಲೆ ಉತ್ತರ ಮೂಡಿತು:

"ಅದೀನ್ರಿ ಸರ. ಮೊಸಳಿ ಟಿಕೆಟ್ ತಗೊಂತೋ ಇಲ್ಲೋ?"