ಗೀರು ಬಿದ್ದ ಗುಳಿ

ಸೊಸೆ ಕಬ್ಬಿಣ ಉಜ್ಜುವ ಅರವನ್ನು ಅಚ್ಚಿನ ಒಂದು ಗುಳಿಯೊಳಗೆ ಇಳಿಸುವಷ್ಟರಲ್ಲಿ ಅತ್ತೆ ಅವಳ ಮಣಿಕಟ್ಟು ಹಿಡಿದರು. "ತಾಳು, ಅದನ್ನ ಉಜ್ಜಬೇಡ."

ಗುಜರಿಯಿಂದ ಆರಿಸಿ ತಂದ ಎರಕದ ಕಬ್ಬಿಣದ ಹಳೇ ಕೇಕ್ ಅಚ್ಚು ಅದು. ವಾರವೆಲ್ಲ ತುಕ್ಕು ತಿಕ್ಕಿ, ಎಣ್ಣೆ ಸವರಿ ಕಾಯಿಸಿ, ಸೊಸೆ ಅದಕ್ಕೆ ಮತ್ತೆ ಕರಿಹೊಳಪು ಬರಿಸಿದ್ದಳು. ಇವತ್ತು ಮೊದಲ ಸಲ ಬೇಯಿಸಿದಾಗ ಪುಟ್ಟ ಕೇಕುಗಳೆಲ್ಲ ಅಂಟದೆ ಜಾರಿ ಬಿದ್ದವು. ಒಂದರ ಮೇಲೆ ಮಾತ್ರ ಎರಡು ಗೆರೆ ಅಡ್ಡ ಹಾಯ್ದ ಕತ್ತರಿ ಗುರುತು ಎದ್ದಿತ್ತು.

"ಏನೋ ಪೆಟ್ಟು ಬಿದ್ದು ಗೀರಾಗಿದೆ ಅತ್ತೆ, ಸಮ ಮಾಡ್ತೀನಿ."

"ಪೆಟ್ಟು ಇಷ್ಟು ನೇರ ಬೀಳುತ್ತಾ? ಬೇಕಂತ್ಲೇ ಕೆತ್ತಿದ್ದಾರೆ." ಅತ್ತೆ ಗುಳಿಯ ತಳದಲ್ಲಿ ಬೆರಳಾಡಿಸಿದರು. "ಈ ಅಚ್ಚು ಮೊದಲು ಇದ್ದ ಮನೇಲೂ ನನ್ನಂಥ ಸಕ್ಕರೆ ಕಾಯಿಲೆಯವಳು ಇದ್ದಿರಬೇಕು ಕಣೆ. ಅವಳ ಸಪ್ಪೆ ಕೇಕು ಯಾವುದು ಅಂತ ಗೊತ್ತಾಗೋಕೆ ಈ ಗುರುತು. ಎಂಥಾ ತಲೆ ನೋಡು."

ಸೊಸೆ ಅರ ಕೆಳಗಿಟ್ಟಳು. ಇಷ್ಟು ದಿನ ಅತ್ತೆಯ ಸಪ್ಪೆ ಕೇಕಿಗೆ ಅವಳು ಗುರುತಿಗೆಂದು ಚುಚ್ಚುತ್ತಿದ್ದ ಕಡ್ಡಿ ಪ್ರತಿ ಸಲವೂ ಉದುರಿಹೋಗುತ್ತಿತ್ತು. ಅತ್ತೆ ಪ್ರತಿ ಸಲವೂ "ಗೊತ್ತಾಗ್ಲಿಲ್ಲ ಕಣೆ" ಎಂದು ಸಿಹಿಯದನ್ನೇ ತಿಂದಿರುತ್ತಿದ್ದರು.

ಅತ್ತೆ ಅರವನ್ನು ತಾವೇ ಎತ್ತಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು.

"ಕಡ್ಡಿಯಾದ್ರೆ ನಾನೇ ಕಿತ್ತು ಬಿಸಾಕ್ತಿದ್ದೆ," ಎಂದರು. "ಇದನ್ನ ಹೇಗೆ ಕೀಳ್ಲಿ?"